ಹೆಸರುಹಿಟ್ಟನ್ನು ತಿಪ್ಪೆಗೆ ಸುರಿದ ಮೇಲೆ

ಇದನ್ನು ಹೇಳದೆ ಇಷ್ಟು ದಿನ ತಳ್ಳಿಕೊಂಡು ಬಂದೆ. ಕೂಸಿನ ಮೈ ಪೂರ್ತಿ ವಾಸಿಯಾಗಲಿ, ಆಮೇಲೆ ಹೇಳೋಣ ಅಂದುಕೊಂಡೆ. ವಾಸಿಯಾಯಿತು. ಜೋಳ ಮುರಿಯುವ ಕೆಲಸ ಮುಗಿಯಲಿ ಅಂದೆ. ಅದೂ ಮುಗಿಯಿತು. ಆಮೇಲೆ ಅರಿಶಿನ ಕೀಳುವುದಿತ್ತು. ಬೇಸಾಯಗಾರನಿಗೆ ನೆಪಕ್ಕೆ ಬರವಿಲ್ಲ, ಒಂದು ಬೆಳೆಯ ಹಿಂದೆ ಇನ್ನೊಂದು ಬಂದೇ ಬರುತ್ತದೆ. ಈಗ ನಮ್ಮ ಮೊಮ್ಮಗಳು ಧನ್ಯ ಅಂಗಳದಲ್ಲಿ ಓಡಾಡುತ್ತಾಳೆ. ಕರುವಿನ ಕಿವಿ ಹಿಡಿದು ಎಳೆಯುತ್ತಾಳೆ. ಅವಳ ಮೈಮೇಲೆ ಹುಡುಕಿದರೂ ಒಂದು ಕಲೆ ಸಿಗುವುದಿಲ್ಲ. ಇನ್ನು ಯಾವ ನೆಪ ಹೇಳಲಿ?

ಎಳೆಗೂಸಿಗೆ ಯಾವ ಸೋಪು ಒಳ್ಳೆಯದು, ಯಾವ ಪುಡಿ ಒಳ್ಳೆಯದು ಎಂಬ ಮಾತು ಕೂಸಿರುವ ಮನೆಯಲ್ಲೆಲ್ಲ ನಡೆಯುತ್ತದೆ. ನಮ್ಮ ಮನೆಯಲ್ಲಿ ಅದು ಜಗಳವಾಯಿತು, ಆಮೇಲೆ ಕಾಯಿಲೆಗಿಂತ ದೊಡ್ಡದಾಯಿತು. ಕೂಸಿನ ಮೈ ಕೆಂಪಾಗಿ, ಎಲ್ಲರೂ ಬಚ್ಚಲುಮನೆಯ ಸೋಪಿನ ಗೂಡನ್ನೇ ದಿಟ್ಟಿಸುತ್ತಿರುವ ಮನೆ ಎಲ್ಲಾದರೂ ಇದ್ದರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ತಮಿಳುನಾಡಿಗೆ ಸೇರಿದ ತಾಳವಾಡಿ ಬೆಟ್ಟದ ಮೇಲೆ, ಗೆಟ್ಟವಾಡಿ ಕಡೆಯ ಒಂದು ಹಳ್ಳಿ. ನಾನು ಹೈಸ್ಕೂಲಿನವರೆಗೆ ಕನ್ನಡದಲ್ಲೇ ಓದಿದವನು. ಊರಿನಲ್ಲಿ ಯಾರಿಗಾದರೂ ಅರ್ಜಿ ಬರೆಯುವುದಿದ್ದರೆ ನಮ್ಮ ಜಗಲಿಗೆ ಬರುತ್ತಿದ್ದರು. ಅದರಿಂದ ನನಗೊಂದು ಕೊಬ್ಬು ಬಂದಿತ್ತು, ನಾನು ಹೇಳಿದ್ದೇ ಸರಿ ಎಂಬ ಕೊಬ್ಬು. ಮಗ ಮಹೇಶ ಲಗೇಜ್ ಆಟೋದಲ್ಲಿ ಕೋಸು, ಟೊಮೇಟೊ ತುಂಬಿಕೊಂಡು ಚಾಮರಾಜನಗರದ ಮಾರ್ಕೆಟ್ಟಿಗೆ ಹೋಗಿಬರುತ್ತಾನೆ. ಸೊಸೆ ಕವಿತ ದಿಂಬಂ ಘಾಟಿಯ ಕೆಳಗೆ ಸತ್ಯಮಂಗಲದ ಕಡೆಯವಳು. ಅವರೂ ನಮ್ಮ ಜನವೇ, ಮನೆಯೊಳಗೆ ಕನ್ನಡ, ಶಾಲೆಯಲ್ಲಿ ತಮಿಳು. ತಂದೆ ಇಲ್ಲ. ತಾಯಿ, ಅಂದರೆ ನಮ್ಮ ಬೀಗಿತಿ, ತುಂಡು ಹೊಲದಲ್ಲಿ ಮಲ್ಲಿಗೆ ಬೆಳೆದು ಮಗಳನ್ನು ಓದಿಸಿ ಮದುವೆ ಮಾಡಿಕೊಟ್ಟವರು.

ಬಾಣಂತನ ಮುಗಿದು ಐದನೇ ತಿಂಗಳಲ್ಲಿ ಕೂಸು ನಮ್ಮ ಮನೆಗೆ ಬಂತು. ಬೀಗಿತಿಯೂ ಜೊತೆಗೆ ಬಂದರು. "ಬೆಟ್ಟದ ಚಳಿ ಅಣ್ಣಾ, ಕೂಸ್ಗ ಒಗ್ಗೋಗಂಟ ಇದ್ದು ಓಯ್ತೀನಿ" ಅಂದರು. ಕೈಯಲ್ಲಿ ಒಂದು ಎವರ್‌ಸಿಲ್ವರ್ ಡಬ್ಬ. ಅದರ ತುಂಬ ಹೆಸರುಹಿಟ್ಟು. ಹೆಸರುಕಾಳನ್ನು ಬಿಸಿಲಿಗೆ ಒಣಗಿಸಿ, ಮಿಲ್ಲಿನಲ್ಲಿ ಖಾರದಪುಡಿ ಬೀಸಿದ ಕಲ್ಲಿಗೆ ಹಾಕದೆ, ಎದುರಿಗೇ ನಿಂತು ಬೀಸಿಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿದದ್ದು. ನನ್ನ ಹೆಂಡತಿ ಶಿವಮ್ಮ ಮುಚ್ಚಳ ತೆಗೆದು ಮೂಸಿ ನೋಡಿದಳು.

"ಅರಿಶಿನ ಆಕಿಲ್ವಾ?"

"ಬ್ಯಾಡ ಅಕ್ಕ, ಎಳೇ ಮೈ. ಅವ್ಳು ದೊಡ್ಡೋಳಾಗ್ಲಿ, ಅವ್ಳೇ ಆಕ್ಕತಾಳ."

ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಅವರು ನೀರೆರೆಯುವುದನ್ನು ಬಾಗಿಲಲ್ಲಿ ನಿಂತು ನೋಡಬೇಕು ಅನ್ನಿಸುತ್ತಿತ್ತು. "ಆಯ್ತು ರಾಜಾತ್ತಿ, ಇನ್ನೊಂದು ಚೊಂಬು ರಾಜಾತ್ತಿ, ನೋಡು ನಿನ್ ಬೆನ್ನು ಮುಗ್ದೇ ಓಯ್ತು" ಎಂದು, ಕೂಸನ್ನು ತಮಿಳಿನಲ್ಲಿ ರಾಣಿ ಅಂತ ಕರೆದು, ಮಾತಾಡಿಸುತ್ತಲೇ ಇರುತ್ತಿದ್ದರು. ಕೂಸು ಅಳುತ್ತಿರಲಿಲ್ಲ, ಬೀಳುವ ನೀರನ್ನು ಹಿಡಿಯಲು ಕೈ ಚಾಚುತ್ತಿತ್ತು.

ಎರೆದ ಮೇಲೆ ನನ್ನ ಪಾಳಿ. ನಮ್ಮ ಮನೆಯಲ್ಲಿ ಮೊದಲ ಮೊಮ್ಮಗುವನ್ನು ನೀರೆರೆದ ಮೇಲೆ ಅಜ್ಜನ ಕಂಬಳಿಯಲ್ಲಿ ಸುತ್ತಿ ಸಾಂಬ್ರಾಣಿ ಹೊಗೆ ಕೊಡುವುದು ಪದ್ಧತಿ. ನನ್ನನ್ನೂ ಹಾಗೆ ಸುತ್ತಿದ್ದರಂತೆ. ನನ್ನದು ಕುರಿಯುಣ್ಣೆಯ ಕರಿ ಕಂಬಳಿ. ಕಂಬಳಿಗೆ ಮೈಲಿಗೆ ಇಲ್ಲ ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಪೂಜೆಗೂ ಅದೇ ಹಾಸು, ಸಾವಿನ ಮನೆಯಿಂದ ಬಂದವರಿಗೂ ಅದೇ ಹೊದಿಕೆ. ಅದನ್ನು ಒಗೆಯುವುದಿಲ್ಲ, ವರ್ಷಕ್ಕೊಂದು ಸಲ ಬಿಸಿಲು ಕಾಯಿಸಿದರೆ ಆಯಿತು.

ಅದೇ ಕಂಬಳಿಯನ್ನು ನಾನು ಜೋಳದ ಹೊಲದ ಕಾವಲಿಗೂ ಒಯ್ಯುತ್ತಿದ್ದೆ. ತೆನೆ ಕಟ್ಟುವ ಹೊತ್ತಿಗೆ ಹಂದಿ, ಆನೆ ಇಳಿಯುತ್ತವೆ. ಅಕ್ಕಪಕ್ಕದ ಹೊಲದವರು ಸೇರಿ ಒಂದು ಅಟ್ಟಣೆ ಕಟ್ಟಿ ಸರದಿಯಲ್ಲಿ ಮಲಗುತ್ತೇವೆ. ನಾನು, ಪಕ್ಕದ ಹೊಲದ ಬಸವಣ್ಣ, ಇನ್ನೂ ಕೆಲವರು. ಅಟ್ಟಣೆಗೆ ಇದ್ದದ್ದು ನನ್ನದೊಂದೇ ಕಂಬಳಿ. ಮೈಲಿಗೆ ಇಲ್ಲ ಅಂದ ಮೇಲೆ ಯಾರು ಹೊದ್ದರೇನು? ಯಾರ ಸರದಿಯಾದರೂ ಅದನ್ನೇ ಹೊದೆಯುತ್ತಿದ್ದರು. ಬೆಳಗ್ಗೆ ನಾನು ಹೋಗಿ ಹೆಗಲಿಗೆ ಹಾಕಿಕೊಂಡು ಮನೆಗೆ ತರುತ್ತಿದ್ದೆ. ಆ ಹೊತ್ತಿಗೆ ಸರಿಯಾಗಿ ಹಂಡೆಯಲ್ಲಿ ನೀರು ಕಾದಿರುತ್ತಿತ್ತು.

ಆ ದಿನಗಳಲ್ಲಿ ನನ್ನ ಬೆರಳ ಸಂದಿಯಲ್ಲಿ, ಉಡಿದಾರದ ಜಾಗದಲ್ಲಿ ತುರಿಕೆ ಶುರುವಾಗಿತ್ತು. ಜೋಳದ ಗರಿಯ ದೂಳು ಅಂದುಕೊಂಡೆ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಅನ್ನಿಸಲೂ ಇಲ್ಲ.

ಸ್ವಲ್ಪ ದಿನಕ್ಕೆ ಕೂಸಿನ ಅಂಗಾಲಲ್ಲಿ ಸಣ್ಣ ಸಣ್ಣ ಗುಳ್ಳೆ ಕಂಡವು. ಆಮೇಲೆ ಅಂಗೈ, ಕಂಕುಳು, ಹೊಟ್ಟೆ. ಕೂಸು ಮಲಗುತ್ತಿರಲಿಲ್ಲ. ಮೈಯನ್ನು ಹಾಸಿಗೆಗೆ ಉಜ್ಜಿಕೊಳ್ಳುತ್ತಿತ್ತು. ಎತ್ತಿಕೊಂಡರೆ ನಮ್ಮ ಎದೆಗೆ ಉಜ್ಜಿಕೊಂಡು ಅಳುತ್ತಿತ್ತು. ಎಲ್ಲರೂ ದಿಗಿಲುಬಿದ್ದೆವು. ದಿಗಿಲು ಬಿದ್ದಾಗ ನನಗೆ ಸುಮ್ಮನಿರಲು ಬರುವುದಿಲ್ಲ, ಯಾರದಾದರೂ ತಪ್ಪು ಬೇಕಾಗುತ್ತದೆ.

ಒಂದು ಬೆಳಗ್ಗೆ ಜಗಲಿಯಲ್ಲಿ ಅಕ್ಕಪಕ್ಕದವರೆಲ್ಲ ಕೂತಿದ್ದರು. ಬೀಗಿತಿ ಡಬ್ಬ ಹಿಡಿದು ಬಚ್ಚಲ ಕಡೆ ಹೊರಟಿದ್ದರು. ನಾನು ಕೂತಲ್ಲಿಂದಲೇ ಕೇಳಿದೆ.

"ಏನವ್ವಾ, ಇನ್ನೂ ಆ ಇಟ್ಟೇ ಉಜ್ತೀರಾ? ಕೂಸ್ನ ಮೈ ನೋಡಿದ್ರಾ?"

"ನೋಡ್ದಿ ಅಣ್ಣಾ. ಇಟ್ಟು ಕಮ್ಮಿ ಮಾಡಿವ್ನಿ. ಇದ್ರಲ್ಲೇ ಕವಿತೂನೂ ಎರ್ದು ಸಾಕ್ದೆ, ಅವ್ಳಿಗೇನೂ ಆಗ್ನಿಲ್ಲ."

"ನಿಮ್ಮ ಕೆಳಗ್ನ ಸೀಮೆ ಮೈ ಬ್ಯಾರೆ, ನಮ್ ಮೈ ಬ್ಯಾರೆ. ಏನು ಇಟ್ಟೋ, ಯಾವ್ ಮಿಲ್ಲೋ, ಅದ್ರಲ್ಲಿ ಏನ್ ಬಿದ್ದಿತ್ತೋ."

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಜನ ನೋಡುತ್ತಿದ್ದರು, ನಾನು ನಿಲ್ಲಿಸಲಿಲ್ಲ. ಎದ್ದು ಹೋಗಿ ಡಬ್ಬ ಕಸಿದುಕೊಂಡು ಹಿತ್ತಲ ತಿಪ್ಪೆಗೆ ಸುರಿದೆ. ಖಾಲಿ ಡಬ್ಬವನ್ನು ಅವರ ಕೈಗೆ ಕೊಡುತ್ತಾ ಹೇಳಿದೆ, "ಇನ್ಮುಂದ ಕೂಸ್ನ ಮುಟ್ಟೋಕ್ ಮುಂಚ ಕೈ ತೊಳ್ಕಳಿ."

ಮಲ್ಲಿಗೆ ಮೊಗ್ಗು ಬಿಡಿಸಿ ಬಿಡಿಸಿ ಕರೆಗಟ್ಟಿದ ಕೈ ಅವು. ಅವರು ತಮ್ಮ ಕೈಯನ್ನು ಒಂದು ಸಲ ನೋಡಿಕೊಂಡರು, ಸೆರಗಿನಲ್ಲಿ ಒರೆಸಿಕೊಂಡರು. ಮಾರನೆಯ ದಿನ ಮೊದಲ ಬಸ್ಸಿಗೆ ಹೊರಟರು. ಮಗಳ ಹತ್ತಿರ, ಮೊಗ್ಗು ಬಿಡಿಸುವ ಕಾಲ, ಆಳು ಸಿಗುವುದಿಲ್ಲ ಅಂದರಂತೆ. ನನ್ನ ಎದುರು ಬಂದು, "ಬತ್ತೀನಣ್ಣಾ" ಅಂದರು. ನಾನು ತಲೆಯಾಡಿಸಿದೆ.

ಆಮೇಲೆ ಸೋಪುಗಳ ಕಾಲ ಶುರುವಾಯಿತು. ಮಹೇಶ ಚಾಮರಾಜನಗರದಿಂದ ಬರುವಾಗಲೆಲ್ಲ ಒಂದೊಂದು ತರುತ್ತಿದ್ದ. ಮೊದಲು ಬಂದದ್ದು ಮೇಲೆ ನಗುವ ಮಗುವಿನ ಚಿತ್ರವಿದ್ದ ಗುಲಾಬಿ ಬಣ್ಣದ ಸೋಪು. ಹೂವಿನ ಅಂಗಡಿ ಹಾಗೆ ಘಮಘಮ. ಎರಡು ದಿನಕ್ಕೆ ಕೂಸಿನ ಮೈ ಇನ್ನಷ್ಟು ಉರಿದೆದ್ದಿತು. ಆಮೇಲೆ ನೊರೆ ಬರುವ ನೀರುಸೋಪು. ಆಮೇಲೆ ಗಿಡಮೂಲಿಕೆ ಅಂತ ಬರೆದಿದ್ದ ಹಸಿರು ಸೋಪು, ಅದಕ್ಕೂ ವಾಸನೆ. ಕವಿತ ಫೋನು ಹಿಡಿದು ಕೂತು ಹಿಂದೆ ಬರೆದಿದ್ದ ಸಣ್ಣಕ್ಷರಗಳನ್ನು ಒಂದೊಂದೇ ಹುಡುಕಿ ನೋಡುತ್ತಿದ್ದಳು.

"ಮಾವ, ಇದ್ರಲ್ಲೂ ಸೆಂಟು ಸೇರ್ಸವ್ರ. ಎಳೆಗೂಸ್ಗ ಸೆಂಟು ಬ್ಯಾಡ ಅಂತದ ಇಲ್ಲಿ."

"ಸೆಂಟಿಲ್ದೆ ಸೋಪ್ ಯಾವ್ದವ್ವ ಬತ್ತದ? ನಿಮ್ಮವ್ವನ ಇಟ್ಟಿಗಿಂತ ವಾಸಿ, ಆಕು" ಅಂದೆ.

ಶಿವಮ್ಮ ಕಸ್ತೂರಿ ಅರಿಶಿನ ತೇದು ಹಚ್ಚಿದಳು. ಬೇವಿನ ಸೊಪ್ಪು ಕುದಿಸಿ ಎರೆದೆವು. ಗಾಯಕ್ಕೆ ಹಾಕುವ ಔಷಧದ ನೀರನ್ನು ನಾನೇ ಒಂದು ಮುಚ್ಚಳ ಬಿಸಿನೀರಿಗೆ ಸುರಿದೆ. ಕ್ರಿಮಿ ಸಾಯಲಿ ಅಂತ ಇನ್ನೊಂದು ಮುಚ್ಚಳವನ್ನೂ ಸುರಿದೆ. ಆವತ್ತು ಕೂಸು ಬಚ್ಚಲಲ್ಲಿ ಅತ್ತ ಅಳು ಬೀದಿಗೆ ಕೇಳಿಸಿತು. ನೀರು ಕಂಡರೆ ಕೈ ಚಾಚುತ್ತಿದ್ದ ಕೂಸು, ಹಂಡೆಯ ಮುಚ್ಚಳದ ಸದ್ದು ಕೇಳಿದರೆ ತಾಯಿಯ ಕತ್ತು ತಬ್ಬಿಕೊಂಡು ಚೀರುವ ಹಾಗಾಯಿತು. ಏನೇ ಹಾಕಿ ಎರೆದರೂ ಎರೆದ ಮೇಲೆ ಸುತ್ತುತ್ತಿದ್ದದ್ದು ನನ್ನ ಕಂಬಳಿಯಲ್ಲೇ. ಅದು ಮಾತ್ರ ಬದಲಾಗಲಿಲ್ಲ.

ಇಲ್ಲಿಯವರೆಗೆ ನನ್ನದು ತಿಳಿಯದೆ ಆದ ತಪ್ಪು. ಮುಂದಿನದು ಹಾಗಲ್ಲ. ನಾನು ಬರೆಯಲು ಹಿಂಜರಿದದ್ದು ಈ ಭಾಗವನ್ನೇ.

ಒಂದು ದಿನ ಬೋರಿನ ಹತ್ತಿರ ಬಸವಣ್ಣ ಸಿಕ್ಕಿದ. ನಾನು ಕೈ ತುರಿಸಿಕೊಳ್ಳುವುದನ್ನು ನೋಡಿ ನಕ್ಕ.

"ಏನ್ ಮಾದಪ್ಪಣ್ಣ, ನಿಂಗೂ ಅಂಟ್ಕತಾ? ನಂಗ ಕಜ್ಜಿ ಅಂದ್ಬುಟ್ರು ಕಣಣ್ಣ ಆಸ್ಪತ್ರೇಲಿ. ಮುಲಾಮ್ ಕೊಟ್ಟವ್ರ. ನೀನೂ ಓಗ್ಬುಟ್ಟು ಬಾ."

"ನಂಗ್ಯಾಕ್ಲಾ ಬತ್ತದ ಕಜ್ಜಿ? ದಿನಾ ಮಿಂದು ಲಿಂಗಪೂಜೆ ಮಾಡೋನು ನಾನು."

"ಉಳ ಏನು ಪೂಜೆ ಮಾಡೋರ್ನ ಕೇಳ್ಕಂಡು ಬತ್ತದಾ?"

ಅವನು ನಗುತ್ತಾ ಹೋದ. ನಾನು ಬೋರಿನ ಕಟ್ಟೆಯ ಮೇಲೆ ಕೂತೆ. ಕಜ್ಜಿ ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಹೊಲಸು ಮನೆಯವರಿಗೆ, ಮೀಯದವರಿಗೆ ಬರುವ ಕಾಯಿಲೆ ಎಂದು. ನನ್ನ ಬೆರಳ ಸಂದಿಯ ಗುಳ್ಳೆಗಳನ್ನು ನೋಡಿಕೊಂಡೆ. ಕೂಸಿನ ಅಂಗಾಲಿನವೂ ಅಂಥವೇ. ಬಸವಣ್ಣ ಹೊದ್ದದ್ದು, ನಾನು ಹೊದ್ದದ್ದು, ಕೂಸಿಗೆ ಸುತ್ತಿದ್ದು ಎಲ್ಲ ಒಂದೇ ಕಂಬಳಿ ಎಂದು ಆಗಲೇ ನನಗೆ ಹೊಳೆಯಿತು. ಹೊಳೆಯಲಿಲ್ಲ ಅಂದರೆ ಸುಳ್ಳು.

ಆದರೂ ಮನೆಗೆ ಬಂದು ಬಾಯಿ ಬಿಡಲಿಲ್ಲ. ಹೇಳಿದರೆ ಏನು ಹೇಳಬೇಕಾಗುತ್ತಿತ್ತು? ಕೈ ತೊಳೆದುಕೊಂಡು ಮುಟ್ಟಿ ಎಂದು ಜನರೆದುರು ಅಂದವನ ಕೈಯೇ ಹೊಲಸಾಗಿತ್ತು ಎಂದು. ಕಂಬಳಿ ಸುತ್ತುವುದನ್ನು ಥಟ್ಟನೆ ನಿಲ್ಲಿಸಿದರೆ ಯಾಕೆ ಅಂತ ಕೇಳುತ್ತಾರೆ ಎಂದು ಅದನ್ನೂ ನಿಲ್ಲಿಸಲಿಲ್ಲ. ಹೆಗಲ ಮೇಲಿನ ಟವಲನ್ನು ಕೈಗೆ ಸುತ್ತಿಕೊಂಡು ಓಡಾಡಿದೆ. ಮಹೇಶನಿಗೆ, "ಇನ್ನೊಂದು ಸೋಪ್ ತಕ್ಕಂಬಾ" ಅಂದೆ. ಅವನು ತಂದ.

ಗುಳ್ಳೆಗಳು ಕೀವಾದವು. ಕೂಸಿಗೆ ಜ್ವರ ಬಂತು, ಹಾಲು ಬಿಟ್ಟಿತು. ಊರ ನರ್ಸಮ್ಮ ನೋಡಿ, "ಇಲ್ಲಿ ಬೇಡ, ಇವತ್ತೇ ಚರ್ಮದ ಡಾಕ್ಟರ್ ಹತ್ರ ಹೋಗಿ" ಅಂದರು. ಮಹೇಶ ತುಂಬಿದ್ದ ಕೋಸನ್ನು ಹಾಗೆಯೇ ಇಳಿಸಿ, ಆಟೋದ ಹಿಂದೆ ಚಾಪೆ ಹಾಸಿದ. ಶಿವಮ್ಮ, ನಾನು ಹಿಂದೆ ಕೂತೆವು, ಕವಿತ ಕೂಸಿನೊಡನೆ ಮುಂದೆ. ಪರಚಿಕೊಳ್ಳದಿರಲಿ ಎಂದು ಕೂಸಿನ ಕೈಗೆ ಕಾಲುಚೀಲ ಹಾಕಿದ್ದಳು.

ಚಾಮರಾಜನಗರದ ಆ ಕ್ಲಿನಿಕ್ಕಿನಲ್ಲಿ ಹೊರಗಿನ ಬೆಂಚುಗಳೆಲ್ಲ ತುಂಬಿದ್ದವು. ಕಾಯುವ ಜಾಗದಲ್ಲಿ ಎಲ್ಲರೂ ಡಾಕ್ಟರೇ. ಎದುರು ಕೂತಿದ್ದ ಒಬ್ಬ ಅಜ್ಜಿ ವಿಚಾರಿಸಿದರು.

"ಏನವ್ವ ಕೂಸ್ಗ?"

"ಸೋಪು ಇಡಿಸ್ನಿಲ್ಲ ಅಜ್ಜಿ" ಅಂದಳು ಕವಿತ.

"ಸೋಪ್ ಯಾಕ್ ಆಕುದ್ರಿ? ಕತ್ತೆ ಹಾಲಲ್ಲಿ ಎರೀಬೇಕು. ಕತ್ತೆಯೋರು ನಿಮ್ಮೂರ್ಗ ಬರಲ್ವಾ?"

ಪಕ್ಕದಲ್ಲಿದ್ದ ಹೆಂಗಸು, "ಸುಮ್ನಿರಜ್ಜಿ, ಕತ್ತೆ ಹಾಲು ಕುಡಿಸೋಕೆ, ಎರೆಯೋಕಲ್ಲ" ಅಂದರು. "ಕುಡ್ಸುದ್ರೂ ಒಂದೇ ಎರುದ್ರೂ ಒಂದೇ, ಹೊಟ್ಟೇನೂ ಮೈಯೇ ಅಲ್ವಾ" ಎಂದು ಅಜ್ಜಿ ವಾದಕ್ಕೆ ನಿಂತರು. ಕವಿತ ಎಷ್ಟೋ ದಿನದ ಮೇಲೆ ನಕ್ಕಳು. ಕೂಸಿನ ಮೈ ನೋಡಿ ಜರುಗಿ ಕೂರಬಹುದಾಗಿದ್ದ ಆ ಅಜ್ಜಿ, "ಕೊಡು ಇಲ್ಲಿ, ನೀನ್ ಕಾಫಿ ಕುಡ್ಕ ಬಾ" ಎಂದು ಎತ್ತಿಕೊಳ್ಳಲು ಕೈ ಚಾಚಿದರು. ಕೊಡಬೇಡ, ಅಂಟುತ್ತದೆ ಎಂದು ನನ್ನ ಗಂಟಲವರೆಗೆ ಬಂತು. ಅಷ್ಟರಲ್ಲಿ ನಮ್ಮ ಸರದಿ ಕೂಗಿದರು. ಬದುಕಿದೆ ಅಂದುಕೊಂಡೆ. ಏನು ಬದುಕುವುದು, ಒಳಗೆ ಹೋಗುವುದಿತ್ತು.

ಡಾಕ್ಟರಮ್ಮ ನಡುವಯಸ್ಸಿನವರು. ಕೂಸಿನ ಕಾಲುಚೀಲ ಬಿಚ್ಚಿಸಿ, ಅಂಗೈ ಅಂಗಾಲು ನೋಡುತ್ತಾ, "ಏನೇನು ಹಾಕಿ ಸ್ನಾನ ಮಾಡಿಸ್ತಿದ್ದೀರಿ?" ಅಂದರು. ಕವಿತ ಚೀಲದಿಂದ ಒಂದೊಂದೇ ತೆಗೆದು ಮೇಜಿನ ಮೇಲೆ ಇಟ್ಟಳು. ಗುಲಾಬಿ ಸೋಪು, ಹಸಿರು ಸೋಪು, ನೊರೆಯ ಬಾಟಲಿ, ಪೌಡರು, ಔಷಧದ ನೀರಿನ ಶೀಶೆ, ಅರಿಶಿನದ ಪೊಟ್ಟಣ. ಮೇಜು ಸಂತೆಯ ಅಂಗಡಿ ಹಾಗಾಯಿತು. ಡಾಕ್ಟರಮ್ಮ ಎಲ್ಲವನ್ನೂ ಕೈಯಲ್ಲಿ ಬಳಿದು ಒಂದು ಪಕ್ಕಕ್ಕೆ ಸರಿಸಿದರು.

"ಇವೆಲ್ಲ ಸೇರಿ ಮೈ ಸುಟ್ಟ ಹಾಗೆ ಮಾಡಿವೆ, ಅದು ನಿಜ. ಆದರೆ ಶುರುವಾಗಿದ್ದು ಇವುಗಳಿಂದ ಅಲ್ಲ. ಮನೇಲಿ ಇನ್ನಾರಿಗಾದ್ರೂ ತುರಿಕೆ ಇದೆಯಾ?"

"ನಂಗೂ ಅದ ಮೇಡಂ, ಇವ್ರಿಗೂ ಈಗೀಗ" ಎಂದು ಮಹೇಶನ ಕಡೆ ತೋರಿಸಿದಳು ಕವಿತ. "ನಮ್ಮಮ್ಮ ಎಸ್ರಿಟ್ಟಲ್ಲಿ ಎರೀತಿದ್ರು, ಅದ್ರಿಂದ್ಲೇ ಶುರುವಾಯ್ತು. ಕೂಸ್ಗ ಇಂಗ್ ಮಾಡ್ಬುಟ್ಟೆ ನೀನು ಅಂತ ಫೋನಲ್ಲಿ ಅವ್ರ್ಗ ಚೆನ್ನಾಗಿ ಅಂದ್ಬುಟ್ಟಿವ್ನಿ. ಈಗ ಮಾತಾಡ್ತಾ ಇಲ್ಲ ನಾವು."

ನನಗೆ ಅದು ಗೊತ್ತಿರಲಿಲ್ಲ. ನಾನು ಹೇಳಿದ್ದನ್ನು ಅವಳು ನಂಬಿದ್ದಳು. ತಂದೆಯಿಲ್ಲದ ಮಗಳು ಇದ್ದೊಬ್ಬ ತಾಯಿಯ ಜೊತೆ ಮಾತು ಬಿಟ್ಟಿದ್ದಳು.

"ಮೊದಲು ತುರಿಕೆ ಬಂದಿದ್ದು ಯಾರಿಗೆ?" ಎಂದು ಡಾಕ್ಟರಮ್ಮ ಮತ್ತೆ ಕೇಳಿದರು.

ನಾನು ಟವಲು ಬಿಚ್ಚಿ ಎರಡೂ ಕೈಯನ್ನು ಮೇಜಿನ ಮೇಲೆ, ಆ ಸೋಪುಗಳ ಪಕ್ಕ ಇಟ್ಟೆ. "ನಂಗ" ಅಂದೆ. "ಕೂಸ್ಗಿಂತ ಮುಂಚ. ನನ್ ಕಂಬಳೀಲಿ ಸುತ್ತುತಿದ್ದಿ. ಗೊತ್ತಾದ್ ಮೇಲೂ ಸುತ್ದಿ." ಕೊನೆಯ ಮಾತು ಹೇಳಬೇಕಾಗಿರಲಿಲ್ಲ. ಶುರು ಮಾಡಿದ ಮೇಲೆ ಅದನ್ನೊಂದು ಉಳಿಸಿಕೊಳ್ಳಲು ಆಗಲಿಲ್ಲ.

ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. ಇದು ಕಜ್ಜಿ, ಮೈಗೆ ಮೈ ತಾಗಿ, ಹೊದಿಕೆ ತಾಗಿ ಬರುತ್ತದೆ, ಹೊಲಸಿನಿಂದ ಬರುವುದಲ್ಲ, ಯಾರಿಗೆ ಬೇಕಾದರೂ ಬರುತ್ತದೆ, ಗುಣವಾಗುತ್ತದೆ ಅಂದರು. ಗುಣವಾಗುತ್ತದೆ ಅನ್ನುವ ಮಾತು ಕೇಳಿ ಕವಿತ ಕೂಸಿನ ನೆತ್ತಿಗೆ ಮುಖ ಒತ್ತಿಕೊಂಡು ಅತ್ತಳು. ಮನೆಯವರೆಲ್ಲ ಒಂದೇ ದಿನ ಔಷಧ ಹಚ್ಚಿಕೊಳ್ಳಬೇಕು, ಹೊದ್ದ ಹಾಸಿದ ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಬೇಕು, ಒಗೆಯಲಾಗದ ಕಂಬಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕೆಲವು ದಿನ ದೂರ ಇಡಬೇಕು ಎಂದು ವಿವರಿಸಿದರು.

ಶಿವಮ್ಮ ತಡೆಯಲಾರದೆ, "ಕಂಬಳಿಗೆ ಮೈಲಿಗೆ ಇಲ್ಲ ಡಾಕ್ಟ್ರವ್ವ" ಅಂದಳು.

"ಮೈಲಿಗೆ ಇಲ್ಲದೇ ಇರಬಹುದಮ್ಮ. ಹುಳ ಇದೆ."

ಕೂಸಿನ ಸ್ನಾನದ ಬಗ್ಗೆ ಅವರು ಹೇಳಿದ್ದು ಸ್ವಲ್ಪವೇ. ಉಗುರುಬೆಚ್ಚಗಿನ ನೀರು, ವಾಸನೆಯಿಲ್ಲದ, ಬಣ್ಣವಿಲ್ಲದ ಮೆದು ಸೋಪು ಬೇಕಾದ ಕಡೆಗೆ ಮಾತ್ರ. ಉಜ್ಜಬಾರದು. ಅರಿಶಿನ, ಬೇವು, ಕ್ರಿಮಿ ಕೊಲ್ಲುವ ನೀರು ಯಾವುದೂ ಬೇಡ. ಪೌಡರು ಬೇಡ. ಮೆತ್ತಗೆ ಒತ್ತಿ ಒರೆಸಿ ಅವರು ಬರೆದುಕೊಟ್ಟ ಕ್ರೀಮು ಹಚ್ಚುವುದು. ಘಮಘಮ ಅನ್ನುವುದು ದೊಡ್ಡವರ ಮೂಗಿಗೆ, ಕೂಸಿನ ಚರ್ಮಕ್ಕಲ್ಲ ಅಂದರು. ಕವಿತ ಏಳುವಾಗ ಕೇಳಿದಳು, "ಎಸ್ರಿಟ್ಟಿಂದ ಏನೂ ಆಗಿರ್ನಿಲ್ವಾ ಮೇಡಂ?"

"ಗಾಯ ಇರುವಾಗ ಹಿಟ್ಟು ಬೇಡ. ಆದರೆ ಇದು ಅದರಿಂದ ಬಂದದ್ದಲ್ಲ. ನೀವು ಹಾಕಿದ್ದರಲ್ಲೆಲ್ಲ ಸಾಧುವಾದದ್ದು ಅದೇ ಇದ್ದ ಹಾಗಿದೆ."

ಮಹೇಶ ಆಟೋ ಓಡಿಸುವಾಗ ಊರು ಬರುವವರೆಗೂ ಒಂದು ಮಾತೂ ಆಡಲಿಲ್ಲ. ಶಿವಮ್ಮ ಮಾತ್ರ ಹಿಂದೆ ಕೂತು, "ನಿಮ್ಗ ಬಾಯಿರ್ನಿಲ್ವಾ? ಊರೋರ್ ಅರ್ಜಿ ಎಲ್ಲಾ ಬರೀತೀರಿ, ನಿಮ್ ಕೈ ತುರೀತದ ಅಂತ ಏಳಕ್ಕ ಏನಾಗಿತ್ತು?" ಎಂದು ದಾರಿಯುದ್ದಕ್ಕೂ ಬೈದಳು. ಆ ಬೈಗುಳ ನನಗೆ ಹಿತವಾಗಿತ್ತು. ಮಗನ ಬೆನ್ನು ನೋಡುವುದಕ್ಕಿಂತ ಅದು ಎಷ್ಟೋ ಮೇಲು.

ಆ ಸಂಜೆ ನಮ್ಮ ಮನೆ ನೋಡಿದ್ದರೆ ನಗು ಬರುತ್ತಿತ್ತು. ಒಬ್ಬರಿಗೊಬ್ಬರು ಬೆನ್ನಿಗೆ ಔಷಧ ಹಚ್ಚಿಕೊಂಡು, ಹಳೇ ಬಟ್ಟೆ ಉಟ್ಟು, ಯಾರೂ ಯಾರನ್ನೂ ತಾಗದೆ ಗೊಂಬೆಗಳ ಹಾಗೆ ನಿಂತಿದ್ದೆವು. ಹಿತ್ತಲಲ್ಲಿ ಹಂಡೆಗಟ್ಟಲೆ ಬಟ್ಟೆ ಕುದಿಯುತ್ತಿತ್ತು. ಮಹೇಶ ನನ್ನ ಬೆನ್ನಿಗೆ ಹಚ್ಚುವಾಗ, ಕೊನೆಗೂ ಬಾಯಿ ಬಿಟ್ಟು, "ಬಗ್ಗಪ್ಪ, ಸೊಂಟ ಕಾಣ್ನಿಲ್ಲ" ಅಂದ. ಅಷ್ಟೇ. ಅಷ್ಟು ಸಾಕಿತ್ತು.

ತುರಿಕೆ ತಕ್ಷಣ ಹೋಗಲಿಲ್ಲ. ಹೋಗುವುದಕ್ಕೆ ವಾರಗಳು ಹಿಡಿಯುತ್ತವೆ ಎಂದು ಮೊದಲೇ ಹೇಳಿದ್ದರೂ, ಕೂಸು ಒಂದು ಸಲ ಕಾಲು ಉಜ್ಜಿಕೊಂಡರೆ ನಾವೆಲ್ಲ ಓಡಿ ಹೋಗಿ ನೋಡುತ್ತಿದ್ದೆವು. ಎರಡನೇ ಸಲ ಔಷಧ ಹಚ್ಚಿದ ಮೇಲೆ ಒಂದು ಮಧ್ಯಾಹ್ನ ಕೂಸು ಮಲಗಿದ್ದು, ಹಸು ಕರೆಯುವ ಹೊತ್ತಾದರೂ ಏಳಲಿಲ್ಲ. ಶಿವಮ್ಮ ಹೆದರಿ ಮೂಗಿನ ಬಳಿ ಬೆರಳಿಟ್ಟು ನೋಡಿದಳು. ಉಸಿರಾಡುತ್ತಿತ್ತು, ಸುಮ್ಮನೆ ನಿದ್ದೆ. ಮನೆಯಲ್ಲಿ ಯಾರೂ ಪಾತ್ರೆ ಸದ್ದು ಮಾಡಲಿಲ್ಲ. ನಾನು ಹೊರಗೆ ಹೋಗಿ ಹಸುವಿನ ಕೊರಳ ಗಂಟೆಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತೆ.

ಒಂದು ಕೆಲಸವನ್ನು ನಾನೇ ಮಾಡಬೇಕಿತ್ತು. ಅಟ್ಟಣೆಯಲ್ಲಿ ಮಲಗುತ್ತಿದ್ದವರ ಮನೆಗಳಲ್ಲೂ ಮಕ್ಕಳಿದ್ದರು. ಟೀ ಅಂಗಡಿಯಲ್ಲಿ ಎಲ್ಲರೂ ಇರುವಾಗ ಹೇಳಿದೆ: ನನಗೆ ಕಜ್ಜಿ, ನನ್ನಿಂದ ಕೂಸಿಗೆ ಬಂತು, ನಮ್ಮ ಬೀಗಿತಿಯ ಹಿಟ್ಟಿನದೇನೂ ತಪ್ಪಿಲ್ಲ, ನನ್ನ ಕಂಬಳಿ ಹೊದ್ದವರೆಲ್ಲ ಮನೆಮಂದಿಯ ಸಮೇತ ಔಷಧ ಹಚ್ಚಿಕೊಳ್ಳಿ. ಬಸವಣ್ಣ ಟೀ ಲೋಟ ಕೆಳಗಿಟ್ಟು, "ಅಟ್ಟಣೆ ಕಟ್ಟಿ ಆನೆ ಕಾದು, ಉಳ ಬುಟ್ಕಂಡು ಬಂದ್ವಲ್ಲಪ್ಪ" ಅಂದ. ಅಂಗಡಿಯೇ ನಕ್ಕಿತು. ಇಬ್ಬರು ಮೂವರು ಅಂಗಿ ತೋಳು ಮೇಲೆತ್ತಿ, "ನಂಗೂ ಅದ ಕಣಣ್ಣ" ಎಂದು ತೋರಿಸಿದರು. ನಾನು ಅಷ್ಟು ದಿನ ಹೆದರಿದ್ದ ಅವಮಾನ ಒಂದು ಟೀ ಮುಗಿಯುವಷ್ಟರಲ್ಲಿ ಮುಗಿದಿತ್ತು.

ಮಗನಿಗೂ ಸೊಸೆಗೂ ತಪ್ಪಾಯಿತು ಅಂದೆ. ಕವಿತ ಸೌಟು ಕೆಳಗಿಟ್ಟು ಹೇಳಿದಳು, "ನಾನೂ ತಪ್ ಮಾಡಿವ್ನಿ ಮಾವ, ಅಮ್ಮನ್ ಕಾಲ್ ಇಡ್ಕಂಡು ಅತ್ತು ಬಂದಿವ್ನಿ. ನಂಗ ಏಳ್ಬ್ಯಾಡಿ. ಅವ್ರ್ಗ ಏಳಿ." ಫೋನು ಹಚ್ಚಿ ಕೈಗೆ ಕೊಟ್ಟಳು.

ಆ ಕಡೆಯಿಂದ, "ಅಣ್ಣಾ, ಕೂಸು ಎಂಗದ?" ಎಂದು ದನಿ ಬಂತು.

"ವಾಸಿ ಕಣವ್ವ."

"ಹಾಲ್ ಕುಡೀತದಾ?"

"ಕುಡೀತದ."

ಆಮೇಲೆ ಹೇಳಬೇಕಾದದ್ದು ಬಾಯಿಗೆ ಬಂತು, ತಿರುಗಿ ಒಳಗೆ ಹೋಯಿತು. "ಮಳೆ ಆಯ್ತಾ ಕೆಳಗ? ಮಲ್ಲಿಗೆ ಎಂಗದ?" ಅಂದೆ. ಅವರು ಮಲ್ಲಿಗೆಯ ವಿಚಾರ ಹೇಳಿದರು. ನಾನು ಕೇಳಿಸಿಕೊಂಡೆ.

ಬೀಗಿತಿ ಈಗ ಬರುತ್ತಾರೆ, ಹೋಗುತ್ತಾರೆ. ನನ್ನನ್ನು ಅಣ್ಣಾ ಎಂದೇ ಮಾತಾಡಿಸುತ್ತಾರೆ. ಕೂಸಿಗೆ ಹೂ ಕಟ್ಟಿ ತರುತ್ತಾರೆ. ಆದರೆ ನಮ್ಮ ಮನೆಯ ಬಚ್ಚಲ ಕಡೆ ಅವರು ಕಾಲಿಡುವುದಿಲ್ಲ. ಮೊನ್ನೆ ಧನ್ಯ ಚೊಂಬು ಹಿಡಿದುಕೊಂಡು ಬಂದು ಅಜ್ಜಿಯ ಸೆರಗು ಎಳೆದಳು. "ಬಾ ಅಮ್ಮಾಯಿ, ನೀನ್ ಎರಿ." ಅವರು ಅವಳ ಕೆನ್ನೆ ಮುಟ್ಟಲು ಹೋದವರು, ನಾನು ಜಗಲಿಯಲ್ಲಿ ಕೂತಿರುವುದನ್ನು ನೋಡಿ, ಎದ್ದು ಹೋಗಿ ಅಂಗಳದ ನಲ್ಲಿಯಲ್ಲಿ ಕೈ ತೊಳೆದುಕೊಂಡು ಬಂದು ಆಮೇಲೆ ಮುಟ್ಟಿದರು. "ನಿಮ್ಮವ್ವ ಎರೀತಾಳ, ಓಗು ರಾಜಾತ್ತಿ" ಅಂದರು. ಅದು ನನ್ನನ್ನು ಚುಚ್ಚಲು ಮಾಡಿದ್ದಲ್ಲ. ಅವರಿಗೆ ಅದು ರೂಢಿಯಾಗಿಬಿಟ್ಟಿದೆ.

ಕೂಸು ವಾಸಿಯಾಯಿತು, ಮನೆ ಉಳಿಯಿತು, ಊರು ನಕ್ಕು ಮರೆಯಿತು. ನನಗೆ ಎಷ್ಟೋ ಹಗುರವಾಗಿದೆ. ಇದೊಂದು ಮಾತ್ರ ಬಾಕಿ. ಬೀಗಿತಿ ಕಲಿತದ್ದು ತಮಿಳು ಅಕ್ಷರ, ಕನ್ನಡ ಓದಲು ಬರುವುದಿಲ್ಲ. ಇಷ್ಟನ್ನೆಲ್ಲ ಬರೆಯಲು ನನಗೆ ಧೈರ್ಯ ಬಂದದ್ದೇ ಅದಕ್ಕಿರಬಹುದು ಎಂದು ಬರೆಯುತ್ತಾ ಬರೆಯುತ್ತಾ ಗೊತ್ತಾಗುತ್ತಿದೆ. ಹಾಗಾಗಿ ಇದನ್ನು ಕ್ಷಮೆ ಕೇಳಿದೆ ಎಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅದನ್ನು ಬಾಯಲ್ಲೇ ಕೇಳಬೇಕು, ಜನರೆದುರು ಅಂದದ್ದನ್ನು ಜನರೆದುರೇ. ಇಲ್ಲಿಯವರೆಗೆ ಅವರನ್ನು ಬೀಗಿತಿ ಎಂದೇ ಬರೆದುಕೊಂಡು ಬಂದೆ, ಸಂಬಂಧದ ಮರೆಯಲ್ಲಿ ನಿಂತುಕೊಂಡು. ಅವರ ಹೆಸರು ರಾಜಾಮಣಿ.